ಮೆದುಳಿನ ಪೊರೆಯ ಸೋಂಕು: ಜ್ವರ ಬಿಟ್ಟ ಮೇಲೂ ಮಗುವಿಗೆ ಸೂಜಿ ಏಕೆ?

ನಿಮ್ಮ ತಂಗಿಯ 4 ತಿಂಗಳ ಮಗುವಿಗೆ ಸಾಲ್ಮೊನೆಲ್ಲಾ ಎಂಬ ರೋಗಾಣುವಿನಿಂದ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು, ಆಗಿದ್ದು, ಹತ್ತನೆಯ ದಿನಕ್ಕೆ ಜ್ವರ ಬಿಟ್ಟು ಹಾಲು ಕುಡಿಯತೊಡಗಿದರೂ ವೈದ್ಯರು ಇನ್ನೂ ವಾರಗಟ್ಟಲೆ ಸೂಜಿ ಬೇಕೆನ್ನುತ್ತಿದ್ದಾರೆ, ಮನೆಗೆ ಕರೆದೊಯ್ದು ಸಿರಪ್ಪಿನಲ್ಲಿ ಮುಗಿಸಬಹುದೆ ಎಂದು ಕೇಳಿದ್ದೀರಿ. ನಾನು ವೈದ್ಯಳಲ್ಲ, ರಾಯಚೂರಿನ ಮಕ್ಕಳ ವಾರ್ಡೊಂದರಲ್ಲಿ 17 ವರ್ಷ ದುಡಿದ ಶುಶ್ರೂಷಕಿ. ದಯವಿಟ್ಟು ಕರೆದೊಯ್ಯಬೇಡಿ.

ಹೆಚ್ಚಿನವರಲ್ಲಿ ವಾಂತಿಭೇದಿ ಮಾಡಿಸಿ ಹೊರಟುಹೋಗುವ ಈ ರೋಗಾಣು, ವರ್ಷ ತುಂಬದ ಕೂಸುಗಳಲ್ಲಿ ಕೆಲವೊಮ್ಮೆ ಕರುಳು ದಾಟಿ ರಕ್ತಕ್ಕೂ, ಅಲ್ಲಿಂದ ಮೆದುಳಿನ ಪೊರೆಗೂ ಹೋಗುತ್ತದೆ. ತನ್ನನ್ನು ನುಂಗಿ ಕೊಲ್ಲಬೇಕಾದ ರಕ್ಷಕ ಕಣಗಳ ಒಳಗೇ ಅಡಗಿ ಕುಳಿತು ಬದುಕಬಲ್ಲದು. ಆದ್ದರಿಂದಲೇ ಇದು ಹೋದಂತೆ ಕಂಡು ಮರಳಿ ಬರುವ ರೋಗ. ಇದಕ್ಕೆ ಸಾಮಾನ್ಯವಾಗಿ ಸೆಫೊಟ್ಯಾಕ್ಸಿಮ್ ಅಥವಾ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಕೊಡುತ್ತಾರೆ. ಪೊರೆಯ ಉರಿಯೂತ ಇಳಿದಂತೆ ಈ ಔಷಧಗಳು ಮೆದುಳಿನ ನೀರಿಗೆ ಸೇರುವುದೂ ಕಡಿಮೆಯಾಗುವುದರಿಂದ, ಮಗು ಚೇತರಿಸಿಕೊಂಡಂತೆ ಕಾಣುವ ಹೊತ್ತಿನಲ್ಲೂ ಪೂರ್ತಿ ಪ್ರಮಾಣ ನರದ ಮೂಲಕವೇ ಹೋಗಬೇಕಾಗುತ್ತದೆ. ಕನಿಷ್ಠ 4 ವಾರ ಎಂಬ ಲೆಕ್ಕ ಬಂದದ್ದು ಹೀಗೆ. ಒಳಗೆ ಕೀವು ನಿಂತಿದ್ದರೆ ಇನ್ನೂ ಹೆಚ್ಚು.

ಸಿಂಧನೂರು ಕಡೆಯ ಹಳ್ಳಿಯೊಂದರ ಮನೆಯವರು 3 ತಿಂಗಳ ಹೆಣ್ಣುಕೂಸನ್ನು ಹದಿನಾಲ್ಕನೆಯ ದಿನ ಸಹಿ ಹಾಕಿ ಕರೆದುಕೊಂಡು ಹೋದರು. ಕಾಲುವೆಗೆ ನೀರು ಬಿಟ್ಟಿದ್ದರು, ಭತ್ತದ ನಾಟಿ ಬಾಕಿ ನಿಂತಿತ್ತು. ಅವರನ್ನು ದೂರುವ ಮನಸ್ಸು ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಮನೆಗೆ ಹೋದ ಎಂಟನೆಯ ದಿನ ಅಜ್ಜಿ ಕೂಸಿಗೆ ಎರೆಯುವ ಮುಂಚೆ ನೆತ್ತಿಗೆ ಎಣ್ಣೆ ಇಡುವಾಗ, ದಿನವೂ ಬೆರಳಿಗೆ ಮೆತ್ತಗೆ ಸಿಗುತ್ತಿದ್ದ ಜಾಗ ತಮಟೆಯ ಚರ್ಮದಂತೆ ಬಿಗಿದಿತ್ತಂತೆ. "ನೆತ್ತಿ ಬಿರುಸಾಗ್ಯಾದ ನೋಡವ್ವಾ" ಎನ್ನುತ್ತಲೇ ವಾರ್ಡಿಗೆ ಬಂದರು. ಜ್ವರ ಇನ್ನೂ ಏರಿರಲಿಲ್ಲ. ಬೆನ್ನಿನಿಂದ ತೆಗೆದ ನೀರಿನಲ್ಲಿ ಅದೇ ರೋಗಾಣು ಬೆಳೆಯಿತು, ಎಂ.ಆರ್.ಐ.ನಲ್ಲಿ ಮೆದುಳಿನ ಹೊರಪೊರೆಯ ಕೆಳಗೆ ಕೀವು ಕಂಡಿತು, ನರಶಸ್ತ್ರತಜ್ಞರು ಅದನ್ನು ತೆಗೆಯಬೇಕಾಯಿತು. ಅಳುವಾಗ ಯಾವ ಮಗುವಿನ ನೆತ್ತಿಯಾದರೂ ಉಬ್ಬುತ್ತದೆ. ಸುಮ್ಮನಿರುವ ಮಗುವನ್ನು ಎತ್ತಿ ಕೂರಿಸಿದಾಗಲೂ ಉಬ್ಬಿದ್ದರೆ ಮಾತ್ರ ತಡ ಮಾಡಬಾರದು.

ನಿಮ್ಮ ವೈದ್ಯರು ಅಂಜುತ್ತಿರುವುದು ಇಂಥ ತೊಡಕುಗಳಿಗೇ. ಪೊರೆಯ ಕೆಳಗೆ ಬರಿಯ ನೀರು ನಿಂತಿದ್ದರೆ ಎಷ್ಟೋ ಸಲ ತಾನೇ ಹೀರಿಹೋಗುತ್ತದೆ. ಮೆದುಳಿನೊಳಗಿನ ಕುಹರಗಳಿಗೆ ಸೋಂಕು ಇಳಿದು ನೀರು ಹರಿಯುವ ದಾರಿ ಕಟ್ಟಿಕೊಂಡರೆ ತಲೆ ದೊಡ್ಡದಾಗುತ್ತದೆ. ಈ ವಯಸ್ಸಿನಲ್ಲಿ ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯಬೇಕು, ಅಷ್ಟು ಒಂದೇ ವಾರದಲ್ಲಿ ಬೆಳೆದರೆ ನಮಗೆ ಗಾಬರಿಯಾಗುತ್ತದೆ. ಆಗ ಸೋಂಕು ತಿಳಿಯಾದ ಮೇಲೆ ಶಂಟ್ ಎಂಬ ಕೊಳವೆ ಇಟ್ಟು ನೀರನ್ನು ಹೊಟ್ಟೆಗೆ ಇಳಿಸಬೇಕಾಗಬಹುದು. ಫಿಟ್ಸ್ ಎಂದರೆ ಕೈಕಾಲು ಬಡಿಯುವುದು ಎಂದಷ್ಟೇ ತಿಳಿಯಬೇಡಿ. ಕೂಸುಗಳಲ್ಲಿ ಕಣ್ಣು ಒಂದು ಕಡೆ ಎಳೆದು ನಿಲ್ಲುವುದು, ಸುಮ್ಮಸುಮ್ಮನೆ ತುಟಿ ಚಪ್ಪರಿಸುವುದು, ಸೈಕಲ್ ತುಳಿದಂತೆ ಕಾಲಾಡಿಸುವುದೂ ಫಿಟ್ಸ್ ಆಗಿರಬಹುದು. ನಿಮ್ಮ ತಂಗಿ ಮೊಬೈಲಿನಲ್ಲಿ ವಿಡಿಯೊ ಮಾಡಿ ತೋರಿಸಲಿ, ಮಾತಿನಲ್ಲಿ ಹೇಳುವುದಕ್ಕಿಂತ ಅದು ಮೇಲು.

ಈ ಸೋಂಕು ಕಿವಿಗೂ ಪೆಟ್ಟು ಕೊಡಬಹುದಾದ್ದರಿಂದ, ಮನೆಗೆ ಕಳಿಸುವ ಹೊತ್ತಿಗೋ ಅದಾದ ಕೆಲವೇ ವಾರಗಳಲ್ಲೋ ಬೇರಾ ಎಂಬ ಶ್ರವಣ ಪರೀಕ್ಷೆ ಆಗಲೇಬೇಕು. ಚಪ್ಪಾಳೆಗೆ ಬೆಚ್ಚಿತು, ಕಿವಿ ಚೆನ್ನಾಗಿದೆ ಎಂಬ ಮನೆಯವರ ಸಮಾಧಾನವನ್ನು ನಾನು ನಂಬುವುದಿಲ್ಲ. ಆ ಸಿಂಧನೂರಿನ ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ, ಬಲಗಿವಿಗೆ ಯಂತ್ರವಿದೆ. ಕತ್ತು ನಿಲ್ಲುವುದು, ಕೂರುವುದು ತಡವಾದರೆ ಅಥವಾ ಒಂದು ಕೈಯನ್ನು ಸದಾ ಮುಷ್ಟಿ ಹಿಡಿದಿದ್ದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಕೇಂದ್ರ ಎಲ್ಲಿದೆ ಎಂದು ಕೇಳಿ ಕರೆದೊಯ್ಯಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿ ತಪಾಸಣೆ, ವ್ಯಾಯಾಮ ಚಿಕಿತ್ಸೆ ಉಚಿತ.

ಟೈಫಾಯಿಡ್ ಲಸಿಕೆ ಹಾಕಿಸಿದ್ದರೆ ತಪ್ಪುತ್ತಿತ್ತೇ ಎಂದೂ ಕೇಳಿದ್ದೀರಿ. ಟೈಫಾಯಿಡ್ ತರುವುದೂ ಸಾಲ್ಮೊನೆಲ್ಲಾದ ಇನ್ನೊಂದು ಬಗೆಯೇ, ಆದರೆ ಭೇದಿ ತರುವ ಈ ಸಾಲ್ಮೊನೆಲ್ಲಾಗೆ ಆ ಲಸಿಕೆ ತಡೆಯಲ್ಲ. ಸದ್ಯಕ್ಕೆ ತಾಯಿಯ ಹಾಲು ನಿಲ್ಲಿಸಬೇಡಿ, ಬಾಟಲಿ ಬೇಡ, ಬಜೆ ತೇಯ್ದು ನೆಕ್ಕಿಸುವುದೂ ಬೇಡ. ಕೋಳಿ, ಮೊಟ್ಟೆ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಮಗುವನ್ನು ಎತ್ತಬೇಡಿ. ಮತ್ತೆ, ಡಿಸ್ಚಾರ್ಜ್ ಚೀಟಿಯಲ್ಲಿ ಆ ದಿನದ ತಲೆಯ ಸುತ್ತಳತೆಯನ್ನು ಬರೆಸಿಕೊಳ್ಳಿ. ಎಷ್ಟೋ ಚೀಟಿಗಳಲ್ಲಿ ಆ ಜಾಗ ಖಾಲಿ ಇರುತ್ತದೆ, ಮುಂದಿನ ಸಲ ಅಳೆದವರಿಗೆ ತಲೆ ಬೆಳೆದದ್ದೆಷ್ಟು ಎಂದು ತಿಳಿಯುವುದೇ ಇಲ್ಲ.