ಪ್ರಶ್ನೋತ್ತರ: ಗೀಸರ್ ಕೆಟ್ಟರೆ ಮೊದಲು ನೀರನ್ನು ವಿಚಾರಿಸಿ

ಮಾಗಿಯ ಚಳಿ ಶುರುವಾಗುತ್ತಿದ್ದಂತೆ ಈ ಅಂಕಣಕ್ಕೆ ಗೀಸರಿನ ದೂರುಗಳು ಬರತೊಡಗುತ್ತವೆ. ಹಲವರಿಗೆ ಉಪಯೋಗವಾಗಬಹುದಾದ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಕಂಪನಿಯನ್ನೋ ಕರೆಂಟನ್ನೋ ದೂರುವ ಮೊದಲು ಮನೆಗೆ ಬರುವ ನೀರು ಎಂಥದೆಂದು ವಿಚಾರಿಸಿಕೊಂಡಿದ್ದರೆ ಇವುಗಳಲ್ಲಿ ಹೆಚ್ಚಿನವು ಇಷ್ಟು ದೂರ ಬೆಳೆಯುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಗೆ ಕಾವೇರಿ ನೀರು ಇನ್ನೂ ಬಂದಿಲ್ಲ, ಬೋರ್‌ವೆಲ್ ನೀರೇ ಗತಿ. 15 ಲೀಟರಿನ ಗೀಸರ್ ಹಾಕಿಸಿ ಮೂರು ವರ್ಷವಾಯಿತು. ಈಗ ನೀರು ಕಾಯುವಾಗ ಒಳಗಿನಿಂದ ಕೊತಕೊತ ಸದ್ದು ಬರುತ್ತದೆ. ದೀಪ ಬೇಗನೆ ಆರಿಹೋಗುತ್ತದೆ, ಆದರೆ ನೀರು ಉಗುರುಬೆಚ್ಚಗಿರುತ್ತದೆ. ಕಾಯಿಲ್ ಬದಲಿಸಬೇಕೇ?
— ಗೃಹಿಣಿಯೊಬ್ಬರು, ಬೆಂಗಳೂರು

ಉತ್ತರ: ಬದಲಿಸುವ ಮುನ್ನ ಬಿಚ್ಚಿಸಿ ನೋಡಿ. ನೀವು ಬರೆದಿರುವ ಮೂರು ಲಕ್ಷಣಗಳೂ ಸುಣ್ಣ ಕಟ್ಟಿರುವುದನ್ನೇ ಹೇಳುತ್ತಿವೆ. ಆಳದ ಬಂಡೆಗಳ ಸಂದಿನಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಬೈಕಾರ್ಬನೇಟ್ ಕರಗಿರುತ್ತದೆ. ತಣ್ಣಗಿರುವಷ್ಟು ಹೊತ್ತು ಅದು ಕಣ್ಣಿಗೆ ಕಾಣುವುದಿಲ್ಲ, ನೀರು ಕಾದೊಡನೆ ಕರಗದ ಕಾರ್ಬನೇಟ್ ಆಗಿ ಮಾರ್ಪಟ್ಟು, ಎಲ್ಲಕ್ಕಿಂತ ಬಿಸಿಯಾಗಿರುವ ಜಾಗಕ್ಕೆ, ಅಂದರೆ ಕಾಯಿಲಿನ ಮೈಗೆ, ಅಂಟಿಕೊಳ್ಳುತ್ತದೆ. ಆ ಹಕ್ಕಳೆಯ ಕೆಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಸಿಡಿಯುವುದೇ ನಿಮಗೆ ಕೇಳಿಸುವ ಸದ್ದು.

ದೀಪ ಬೇಗ ಆರುವುದಕ್ಕೂ ಕಾರಣ ಇದೇ. ನೀರಿನ ಬಿಸಿ ನೋಡಿ ಕರೆಂಟನ್ನು ಕಡಿಯುವ ಥರ್ಮೋಸ್ಟಾಟಿನ ಕೊಳವೆ ಕಾಯಿಲಿನ ಪಕ್ಕದಲ್ಲಿಯೇ, ಒಂದೇ ತಟ್ಟೆಗೆ ಜೋಡಿಸಿಕೊಂಡಿರುತ್ತದೆ. ಎರಡರ ನಡುವೆ ಸುಣ್ಣ ಸೇತುವೆಯಂತೆ ಬೆಳೆದಾಗ ಅದು ನೀರಿನ ಬಿಸಿಯನ್ನು ಅಳೆಯುವ ಬದಲು ಕಾಯಿಲಿನ ಬಿಸಿಯನ್ನೇ ಅಳೆದು, ನೀರು ಕಾಯುವ ಮೊದಲೇ ಕರೆಂಟನ್ನು ಕಡಿದುಹಾಕುತ್ತದೆ. ಸುಣ್ಣ ಕಟ್ಟಿದರೆ ವಿದ್ಯುತ್ ಬಿಲ್ಲು ವಿಪರೀತ ಏರುತ್ತದೆ ಎಂದು ಹೇಳುವವರಿದ್ದಾರೆ. ಕಾಯಿಲು ಮುಳುಗಿರುವುದು ನೀರಿನಲ್ಲೇ ಆದ್ದರಿಂದ ಅದರ ಶಾಖ ತಡವಾಗಿಯಾದರೂ ನೀರಿಗೇ ಸೇರುತ್ತದೆ. ಬಿಲ್ಲಿಗೆ ಆಗುವ ಹಾನಿ ಅಲ್ಪ. ನಿಜವಾದ ನಷ್ಟ ಕಾಯಿಲಿನದು: ಶಾಖವನ್ನು ಬೇಗ ಬಿಟ್ಟುಕೊಡಲಾಗದೆ ಅದು ತನ್ನೊಳಗೇ ಕುದಿದು ಸುಟ್ಟುಹೋಗುತ್ತದೆ.

ತಂತ್ರಜ್ಞರನ್ನು ಕರೆಸಿ, ಕರೆಂಟನ್ನು ಮೇನಿನಲ್ಲೇ ಆರಿಸಿ, ಟ್ಯಾಂಕಿನ ನೀರನ್ನು ಪೂರ್ತಿ ಇಳಿಸಿದ ಮೇಲೆ ಕಾಯಿಲನ್ನು ಹೊರತೆಗೆಸಿ. ಅದನ್ನು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿದ ಬಿಸಿನೀರಿನಲ್ಲಿ, ತಂತಿ ಸೇರಿಸುವ ತುದಿಗಳು ಒದ್ದೆಯಾಗದಂತೆ, ನೆನೆಯಲು ಬಿಟ್ಟರೆ ನೊರೆಯೆದ್ದು ಸುಣ್ಣ ಸಡಿಲವಾಗುತ್ತದೆ. ಸ್ಕ್ರೂಡ್ರೈವರಿನಿಂದ ಕುಟ್ಟಿ ಕೆರೆಯಲು ಹೊರಟರೆ ತಡೆಯಿರಿ. ಶೌಚಾಲಯ ತೊಳೆಯುವ ಆಸಿಡ್ಡನ್ನಂತೂ ಹತ್ತಿರ ಸೇರಿಸಬೇಡಿ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ. ಟ್ಯಾಂಕಿನ ತಳದಲ್ಲಿ ಉದುರಿಬಿದ್ದ ಸುಣ್ಣದ ಪುಡಿಯನ್ನು ತೊಳೆಸಿ, ಮತ್ತೆ ಮುಚ್ಚುವಾಗ ರಬ್ಬರಿನ ಗ್ಯಾಸ್ಕೆಟ್ಟನ್ನು ಹೊಸದಾಗಿ ಹಾಕಿಸಿ. ಹಳೆಯದನ್ನೇ ಕೂರಿಸಿದರೆ ಕೆಲವೇ ದಿನಗಳಲ್ಲಿ ಅಲ್ಲಿಂದ ಸೋರುವ ಸಂಭವವಿದೆ.

ಮುಂದಿನ ಮಾತು ಬಳಕೆಯದು. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಡುವ ಅಭ್ಯಾಸವನ್ನು ಬಿಟ್ಟು 55ರಿಂದ 60 ಡಿಗ್ರಿಯ ನಡುವೆ ಇಡಿ. ಬಿಸಿ ಏರಿದಷ್ಟೂ ಸುಣ್ಣ ಕಟ್ಟುವ ವೇಗವೂ ಏರುತ್ತದೆ. ನೀರನ್ನು ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಒಪ್ಪುವ ಗಡಸುತನ, ಅಂದರೆ ಸುಣ್ಣ ಕಟ್ಟಿಸುವ ಲವಣಗಳ ಅಳತೆ, ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದಲ್ಲಿ 600 ಮಿಲಿಗ್ರಾಂ. ನಿಮ್ಮದು ಆ ಮೇಲಿನ ಮಿತಿಯ ಹತ್ತಿರವಿದ್ದರೆ ವರ್ಷಕ್ಕೊಮ್ಮೆ ಕಾಯಿಲ್ ಬಿಚ್ಚಿ ತೊಳೆಸುವುದು ಅನಿವಾರ್ಯ. ನೀರಿನ ಗಡಸು ತೆಗೆಯಲು ಉಪ್ಪು ಹಾಕುವ ಸಾಫ್ಟನರ್ ಕೊಳ್ಳುವ ಮೊದಲು ಮಳೆನೀರಿನ ಕಡೆಗೊಮ್ಮೆ ನೋಡಿ ಎನ್ನುವುದು ನನ್ನ ಸಲಹೆ: ಚಾವಣಿಯ ನೀರನ್ನು ಸೋಸಿ ಸಂಪಿಗೆ ಬಿಟ್ಟುಕೊಂಡವರ ಮನೆಯಲ್ಲಿ ಮಳೆಗಾಲದ ತಿಂಗಳುಗಳಲ್ಲಾದರೂ ಬೋರ್‌ವೆಲ್ಲಿನ ಗಡಸು ಇಳಿಯುತ್ತದೆ, ಅದಕ್ಕೆ ಉಪ್ಪಿನ ಖರ್ಚೂ ಇಲ್ಲ.

ಪ್ರಶ್ನೆ: ಹನ್ನೆರಡು ಅಂತಸ್ತಿನ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದೇವೆ. ಗೀಸರಿನ ಕೆಳಗಿರುವ ಸಣ್ಣ ಹಿತ್ತಾಳೆಯ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಪ್ಲಂಬರ್ ಅದನ್ನು ಎಂ-ಸೀಲ್ ಹಾಕಿ ಮುಚ್ಚಿಬಿಡೋಣ ಎನ್ನುತ್ತಿದ್ದಾರೆ. ಮುಚ್ಚಿಸಬಹುದೇ?
— ನಿವೃತ್ತ ಅಧ್ಯಾಪಕರು, ಮೈಸೂರು

ಉತ್ತರ: ಖಂಡಿತ ಕೂಡದು. ತಣ್ಣೀರು ಒಳಬರುವ ದಾರಿಯಲ್ಲಿರುವ ಆ ಸೇಫ್ಟಿ ವಾಲ್ವು ಎರಡು ಕೆಲಸ ಮಾಡುತ್ತದೆ. ಒಳಗೆ ಬಂದ ನೀರು ಹಿಂದಕ್ಕೆ ಹರಿದು ಟ್ಯಾಂಕು ಬರಿದಾಗದಂತೆ ತಡೆಯುತ್ತದೆ, ಒತ್ತಡ ಮಿತಿ ಮೀರಿದಾಗ ಸ್ವಲ್ಪ ನೀರನ್ನು ಹೊರಗೆ ಬಿಡುತ್ತದೆ. ನೀರು ಕಾದರೆ ಹಿಗ್ಗುತ್ತದೆ; 25 ಡಿಗ್ರಿಯ 15 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಸುಮಾರು 200 ಮಿಲಿಲೀಟರ್, ಒಂದು ಲೋಟದಷ್ಟು, ಹೆಚ್ಚುತ್ತದೆ. ನಲ್ಲಿಗಳೆಲ್ಲ ಮುಚ್ಚಿರುವಾಗ ಹಿಂದಕ್ಕೂ ಹೋಗಲಾರದ ಆ ಲೋಟ ನೀರಿಗೆ ಇರುವುದು ಅದೊಂದೇ ದಾರಿ. ಅದನ್ನು ಮುಚ್ಚಿದ ಗೀಸರಿನಲ್ಲಿ ಥರ್ಮೋಸ್ಟಾಟೂ, ಬಿಸಿ ಅತಿಯಾದರೆ ಕರೆಂಟನ್ನು ಕಡಿಯಲು ಅದರ ಜೊತೆಗಿರುವ ಕಟ್‌ಔಟೂ ಒಟ್ಟಿಗೆ ಕೈಕೊಟ್ಟರೆ ಟ್ಯಾಂಕು ಸಿಡಿಯುವವರೆಗೂ ಹೋಗಬಹುದು.

ಆದ್ದರಿಂದ ಗೀಸರ್ ಹಾಕಿದಾಗ ಮಾತ್ರ ಹನಿಯುತ್ತಿದ್ದರೆ ವಾಲ್ವು ಸರಿಯಾಗಿದೆ ಎಂದು ತಿಳಿಯಿರಿ. ಅದರ ಬಾಯಿಗೆ ಒಂದು ಪ್ಲಾಸ್ಟಿಕ್ ಟ್ಯೂಬು ಸಿಕ್ಕಿಸಿ, ಎಲ್ಲಿಯೂ ಮಡಚಿಕೊಳ್ಳದಂತೆ, ಬಚ್ಚಲ ನೆಲದವರೆಗೆ ಇಳಿಬಿಟ್ಟರೆ ಸಾಕು. ಆರಿಸಿಟ್ಟಾಗಲೂ ಹನಿಯುತ್ತಿದ್ದರೆ ಎರಡು ಶಂಕೆಗಳಿವೆ. ಮರಳಿನ ಅಥವಾ ಸುಣ್ಣದ ಕಣ ಒಳಗೆ ಸಿಕ್ಕಿಕೊಂಡಿರಬಹುದು: ಕರೆಂಟು ಆರಿಸಿ, ವಾಲ್ವಿನ ಸಣ್ಣ ಹಿಡಿಯನ್ನು ಎರಡು ಮೂರು ಬಾರಿ ಎತ್ತಿ ಬಿಟ್ಟರೆ ಕೆಲವೊಮ್ಮೆ ಅದು ಕೊಚ್ಚಿಕೊಂಡು ಹೋಗುತ್ತದೆ. ಇನ್ನೊಂದು ಕಟ್ಟಡದ ಒತ್ತಡ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್‌ (ಒತ್ತಡದ ಅಳತೆ) ನಂತೆ, ಮೇಲಿನ ಟ್ಯಾಂಕಿನಿಂದ ನೇರವಾಗಿ ಬರುವ ನೀರು ನಿಮ್ಮ ಮಹಡಿಗೆ ತಲುಪುವಾಗ ಮೂರು ಬಾರ್ ದಾಟಿರುತ್ತದೆ. ಬಹುಮಹಡಿ ಕಟ್ಟಡಗಳಿಗೆಂದು ಮಾರುವ ಎಂಟು ಬಾರ್‌ನ ಗೀಸರಿಗೆ ಅದು ಹೊರೆಯಲ್ಲ. ಜೊತೆಗೆ ಪ್ರೆಶರ್ ಪಂಪೂ ಇದ್ದರೆ ಒತ್ತಡವನ್ನು ಅಳೆಸಿ, ಅಗತ್ಯ ಕಂಡಲ್ಲಿ ಒತ್ತಡ ತಗ್ಗಿಸುವ ವಾಲ್ವನ್ನು ಮನೆಯ ಮುಖ್ಯ ಪೈಪಿಗೆ ಹಾಕಿಸುವಂತೆ ನಿಮ್ಮ ಸಂಘದವರನ್ನು ಕೇಳಿ.

ಪ್ರಶ್ನೆ: ಸ್ನಾನ ಮಾಡುವಾಗ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಗೀಸರ್ ಆರಿಸಿದರೆ ನಿಲ್ಲುತ್ತದೆ. ಆರಿಸಿಯೇ ಸ್ನಾನ ಮಾಡುತ್ತಿದ್ದೇವೆ, ಸಾಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಸಾಲದು, ಈ ಪತ್ರಿಕೆ ಕೈಸೇರಿದ ದಿನದಿಂದಲೇ ಆ ಗೀಸರನ್ನು ಬಳಸಬೇಡಿ. ಕಾಯಿಲಿನ ಹೊರಕವಚದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ನೀರಿಗೆ ಕರೆಂಟು ಇಳಿಯುತ್ತಿರಬಹುದು, ಮತ್ತು ಮನೆಯ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ. ಅರ್ಥಿಂಗ್ ಸರಿಯಿದ್ದಿದ್ದರೆ ಆ ಕರೆಂಟು ನಿಮ್ಮ ಕೈಯನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಕಾಯಿಲ್ ಬದಲಿಸಿ ಸುಮ್ಮನಾಗದೆ ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗನ್ನು ಮೀಟರ್ ಹಿಡಿದು ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲಿ ನೆಲದೊಳಗಿನ ಅರ್ಥಿಂಗ್ ಗುಂಡಿ ಒಣಗಿದರೂ ಅದು ದುರ್ಬಲವಾಗುತ್ತದೆ. ಬೋರ್ಡಿನಲ್ಲಿ ಎಂಸಿಬಿ, ಅಂದರೆ ಕರೆಂಟು ಅತಿಯಾಗಿ ಹರಿದರೆ ಬೀಳುವ ಸ್ವಿಚ್ಚು, ಇದೆಯಲ್ಲ ಎಂಬ ಧೈರ್ಯ ಬೇಡ. ಅದು ತಂತಿಯನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯುವುದು, ಕರೆಂಟು ಸೋರಿದೊಡನೆ ಲೈನನ್ನು ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ; ಬಚ್ಚಲಿಗೆ ಹೋಗುವ ಲೈನಿಗೆ ಅದನ್ನು ಹಾಕಿಸಲೇಬೇಕು.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಗೀಸರ್ ಹಾಕಿದರೆ ಅರ್ಧ ಗಂಟೆಯಾದರೂ ನೀರು ಕಾಯುವುದಿಲ್ಲ. ನೀರು ಸಪ್ಪೆ ನೀರೇ. ಗೀಸರೂ ಹೊಸದು.
— ಕೃಷಿಕರು, ಹಿರಿಯೂರು ತಾಲ್ಲೂಕು

ಉತ್ತರ: ನಿಮ್ಮಲ್ಲಿ ಮಾತ್ರ ನೀರು ನಿರಪರಾಧಿ, ವೋಲ್ಟೇಜ್ ನೋಡಬೇಕು. 230 ವೋಲ್ಟಿನಲ್ಲಿ 2000 ವಾಟಿನ ಕಾಯಿಲ್ 15 ಲೀಟರನ್ನು 25ರಿಂದ 60 ಡಿಗ್ರಿಗೆ ತರಲು ಇಪ್ಪತ್ತು ನಿಮಿಷದ ಆಸುಪಾಸು ತೆಗೆದುಕೊಳ್ಳುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕಾಯಿಲಿನಿಂದ ಹೊರಡುವುದು 1200 ವಾಟ್ ಚಿಲ್ಲರೆ ಮಾತ್ರ, ಏಕೆಂದರೆ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಅಲ್ಲಿಗೆ ಅರ್ಧ ಗಂಟೆ ದಾಟುವುದು ಸಹಜ. ಗೀಸರ್ ಉರಿಯುತ್ತಿರುವಾಗ ಸಾಕೆಟ್ಟಿನಲ್ಲಿ ವೋಲ್ಟೇಜ್ ಅಳೆಸಿ. ಮನೆಯೊಳಗಿನ ತಂತಿ ತೆಳುವಾಗಿದ್ದರೆ ಅಲ್ಲಿಯೂ ಇಳಿತ ಕಾಣುತ್ತದೆ. ದೀಪ ಉರಿಯುತ್ತಿದ್ದು ನೀರು ಚೂರೂ ಬಿಸಿಯಾಗದಿದ್ದರೆ ಕಾಯಿಲ್ ಸುಟ್ಟಿದೆ ಎಂದೂ, ದೀಪವೇ ಉರಿಯದಿದ್ದರೆ ಕಟ್‌ಔಟ್ ಎಗರಿದೆ ಅಥವಾ ಕರೆಂಟೇ ಬರುತ್ತಿಲ್ಲ ಎಂದೂ ಶಂಕಿಸಬೇಕು.

ಪ್ರಶ್ನೆ: ಸರ್ವಿಸಿಗೆ ಬಂದವರು ಪ್ರತಿ ಸಲವೂ ಆನೋಡ್ ರಾಡ್ ಬದಲಿಸಬೇಕೆನ್ನುತ್ತಾರೆ. ಇದು ದುಡ್ಡು ಕೀಳುವ ಉಪಾಯವೇ?
— ಓದುಗರು, ತುಮಕೂರು

ಉತ್ತರ: ರಾಡು ನಿಜ, ಪ್ರತಿ ಸಲ ಎನ್ನುವುದು ಅನುಮಾನ. ಮೆಗ್ನೀಸಿಯಂನ ಆ ಸರಳು ತಾನು ಸವೆದು ಟ್ಯಾಂಕಿನ ಉಕ್ಕನ್ನು ತುಕ್ಕಿನಿಂದ ಉಳಿಸುತ್ತದೆ. ಎಷ್ಟು ಬೇಗ ಸವೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ನೀರಿನಲ್ಲಿ ಕರಗಿರುವ ಲವಣ. ಸಾಫ್ಟನರ್ ಇರುವ ಮನೆಗಳಲ್ಲಿ ಇನ್ನೂ ಬೇಗ. ಬಿಚ್ಚಿದ ರಾಡನ್ನು ನಿಮ್ಮ ಕೈಗೆ ಕೊಡುವಂತೆ ಕೇಳಿ. ಮೈ ಒರಟಾಗಿ ಅಲ್ಲಲ್ಲಿ ಕುಳಿ ಬಿದ್ದಿದ್ದರೂ ಬೆರಳಿನ ದಪ್ಪವಿದ್ದರೆ ತೊಳೆದು ಮತ್ತೆ ಹಾಕಬಹುದು, ನಡುವಿನ ಕಬ್ಬಿಣದ ತಂತಿ ಕಾಣಿಸುತ್ತಿದ್ದರೆ ಬದಲಿಸಲೇಬೇಕು. ಅದನ್ನು ಬದಲಿಸದೆ ಬಿಟ್ಟು ಟ್ಯಾಂಕಿನ ಮೈಯಿಂದಲೇ ನೀರು ಸೋರತೊಡಗಿದ್ದರೆ ಬೆಸುಗೆ, ಅಂಟು ಯಾವುದಕ್ಕೂ ಹಣ ಹಾಕದೆ ಹೊಸ ಗೀಸರನ್ನೇ ತನ್ನಿ.