ಪಿಎಚ್‌ಡಿ ಆದ್ಮೇಲೆ ಆಟಿಸಂ ಟ್ರೈನಿಂಗ್: ನಿಮ್ಮ ಕೆಲಸ ನೋಡಿ ತಿದ್ದೋರು ಯಾರು ಅಂತ ಮೊದ್ಲು ಕೇಳಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಕೇಳಿರೋ ರೀತಿ ಮಾತ್ರ ಬೇರೆ ಬೇರೆ. ಅದನ್ನ ಒಂದ್ಸಲ ಪೂರ್ತಿ ಬರೆದುಬಿಡ್ತೀನಿ, ಉಳಿದವಕ್ಕೆ ಚುಟುಕಾಗಿ ಉತ್ತರ, ಬೇಜಾರು ಮಾಡ್ಕೋಬೇಡಿ. ಆಟಿಸಂ ಅಂದ್ರೇನು, ಲಕ್ಷಣ ಏನು ಅಂತ ಮತ್ತೆ ಇಲ್ಲಿ ಬರೆಯಲ್ಲ.

ಪ್ರಶ್ನೆ: ಮೇಡಂ, ನಂದು ಕ್ಲಿನಿಕಲ್ ಸೈಕಾಲಜಿ ಎಂಫಿಲ್ ಆಗಿದೆ, ಪಿಎಚ್‌ಡಿನೂ ಮುಗೀತು. ತುಮಕೂರಲ್ಲೇ ಆಟಿಸಂ ಇರೋ ಮಕ್ಕಳ ಜೊತೆ ಕೆಲಸ ಮಾಡ್ಬೇಕು ಅಂತ ಆಸೆ. ಅಮೆರಿಕಕ್ಕೆ ಹೋಗಿ ಪಿಎಚ್‌ಡಿ ಆದ್ಮೇಲಿನ ಟ್ರೈನಿಂಗ್, ಅಂದ್ರೆ ಪೋಸ್ಟ್‌ಡಾಕ್ ಮಾಡ್ಕೊಂಡು ಬರೋದು ಒಳ್ಳೇದಾ, ಇಲ್ಲಾ ಈಗ ಆನ್‌ಲೈನಲ್ಲಿ ಆರು ತಿಂಗಳ ಆಟಿಸಂ ಫೆಲೋಶಿಪ್ ಅಂತ ಕೊಡ್ತಾರಲ್ಲ, ಅದು ಸಾಕಾ? (ಗುಬ್ಬಿಯಿಂದ)

ಉತ್ತರ: ಎರಡನೇದಕ್ಕೆ ಮೊದ್ಲು ಹೇಳ್ತೀನಿ, ಸಾಕಾಗಲ್ಲ. ಒಂದೂ ಮಗು ಮುಟ್ಟದೆ, ನಿಮ್ಮ ಸೆಷನ್ ಒಬ್ರೂ ನೋಡದೆ, ಬರೀ ರೆಕಾರ್ಡ್ ಮಾಡಿದ ಲೆಕ್ಚರ್ ಕೇಳಿ ಕೊನೇಲಿ ಕ್ವಿಜ್ ಬರೆದ್ರೆ ಸಿಗೋ ಸರ್ಟಿಫಿಕೇಟಿಗೆ ಫೆಲೋಶಿಪ್ ಅಂತ ಹೆಸರಿಟ್ಟಿರೋದೇ ತಪ್ಪು. ನಿಮಗೆ ಎಂಫಿಲ್ ಇದೆ, ಭಾರತೀಯ ಪುನರ್ವಸತಿ ಪರಿಷತ್ತು, ಅಂದ್ರೆ ಆರ್‌ಸಿಐ ರಿಜಿಸ್ಟ್ರೇಷನ್ ಇದೆ ಅಂದ್ಕೊಂಡು ಮಾತಾಡ್ತಿದೀನಿ. ಬರೀ ಯೂನಿವರ್ಸಿಟಿ ಪಿಎಚ್‌ಡಿ ಇಟ್ಕೊಂಡು ಇದೇ ಪ್ರಶ್ನೆ ಕೇಳಿದೋರು ತುಂಬಾ ಜನ ಇದಾರೆ, ಅವರಿಗೆ ಹೇಳೋದು ಇಷ್ಟೇ: ಹೆಸರಿನ ಹಿಂದೆ ಡಾಕ್ಟರ್ ಅಂತ ಬಂದ ಮಾತ್ರಕ್ಕೆ ನೀವು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲ್ಲ. 1992ರ ಆರ್‌ಸಿಐ ಕಾಯ್ದೆ ಪ್ರಕಾರ ರಿಜಿಸ್ಟರಲ್ಲಿ ಹೆಸರಿಲ್ಲದೆ ಪ್ರಾಕ್ಟೀಸ್ ಮಾಡೋದು ಅಪರಾಧ, ಒಂದು ವರ್ಷದ ತನಕ ಜೈಲು ಅಂತ ಬರೆದಿದೆ, ದಂಡ ಮಾತ್ರ ಸಾವಿರ ರೂಪಾಯಿ ಅಂತಿರೋದ್ರಿಂದ ಯಾರಿಗೂ ಭಯ ಇಲ್ಲ.

ಈಗ ಅಮೆರಿಕದ ವಿಷಯ. ಪೋಸ್ಟ್‌ಡಾಕ್ ಅನ್ನೋದರಲ್ಲಿ ಎರಡು ಥರ ಇದೆ, ನಮ್ಮ ಹುಡುಗ್ರು ಹುಡುಗೀರು ಇದನ್ನ ವಿಚಾರಿಸದೇ ಅರ್ಜಿ ಹಾಕಿ ಆಮೇಲೆ ಕಣ್ಣೀರು ಹಾಕ್ತಾರೆ. ಒಂದು ರಿಸರ್ಚ್ ಪೋಸ್ಟ್‌ಡಾಕ್, ಪ್ರೊಫೆಸರ್ ಗ್ರಾಂಟಲ್ಲಿ ಕೆಲಸ, ಡೇಟಾ, ಪೇಪರ್ ಬರೆಯೋದು. ಇನ್ನೊಂದು ಕ್ಲಿನಿಕಲ್ ಫೆಲೋಶಿಪ್, ಒಂದರಿಂದ ಎರಡು ವರ್ಷ, ಲೈಸೆನ್ಸ್ ಇರೋ ಸೈಕಾಲಜಿಸ್ಟ್ ಕೈಕೆಳಗೆ ಮಕ್ಕಳನ್ನ ನೋಡೋದು. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಲೈಸೆನ್ಸಿಗೆ ಡಾಕ್ಟರೇಟ್ ಆದ್ಮೇಲೆ 1500ರಿಂದ 2000 ಗಂಟೆ ಸೂಪರ್‌ವಿಷನ್ನಲ್ಲಿ ಕೆಲಸ ಮಾಡಿರ್ಬೇಕು, ಆಮೇಲೆ ಇಪಿಪಿಪಿ ಅನ್ನೋ ಪರೀಕ್ಷೆ. ಈ ಕ್ಲಿನಿಕಲ್ ಫೆಲೋಶಿಪ್‌ಗಳಲ್ಲಿ ಹೆಚ್ಚಿನವು ಅಲ್ಲಿನ ಸೈಕಾಲಜಿಸ್ಟರ ಸಂಘ ಎಪಿಎ ಮಾನ್ಯತೆ ಇರೋ ಡಾಕ್ಟರೇಟ್ ಮತ್ತೆ ಒಂದು ವರ್ಷದ ಇಂಟರ್ನ್‌ಶಿಪ್ ಕೇಳ್ತವೆ, ಆ ಥರ ಇಂಟರ್ನ್‌ಶಿಪ್ ನಮ್ಮ ಪಿಎಚ್‌ಡೀಲಿ ಇರಲ್ಲ. ಹಾಗಾಗಿ ನಿಮಗೆ ಸುಲಭಕ್ಕೆ ಸಿಗೋದು ರಿಸರ್ಚ್ ಪೋಸ್ಟ್‌ಡಾಕ್. ಅದು ಕೆಟ್ಟದ್ದು ಅಂತಲ್ಲ, ಒಳ್ಳೇ ಲ್ಯಾಬ್ ಆದ್ರೆ ಎಡೋಸ್ ಅನ್ನೋ, ಮಗು ಜೊತೆ ಆಡ್ತಾ ಆಟಿಸಂ ಲಕ್ಷಣ ನೋಡೋ ಟೆಸ್ಟನ್ನ ರಿಸರ್ಚ್ ಮಟ್ಟಕ್ಕೆ ಕಲಿಸ್ತಾರೆ, ಅಂದ್ರೆ ನಿಮ್ಮ ಸ್ಕೋರಿಂಗ್ ನುರಿತೋರ ಸ್ಕೋರಿಂಗ್ ಜೊತೆ 80 ಪರ್ಸೆಂಟ್ ಹೊಂದಬೇಕು, ಹೊಂದೋ ತನಕ ಬಿಡಲ್ಲ. ಆದ್ರೆ ಮಗುವಿನ ಅಪ್ಪ ಅಮ್ಮನ ಎದುರು ಕೂತು ಡಯಾಗ್ನೋಸಿಸ್ ಹೇಳೋ ಕೆಲಸ ನಿಮ್ಮ ಕೈಗೆ ಕೊಡ್ತಾರಾ? ವೀಸಾ, ವಿಮಾನದ ಟಿಕೆಟ್ಟಿಗಿಂತ ಮುಂಚೆ ಇದನ್ನ ಇಮೇಲಲ್ಲಿ ಕೇಳಿ, ಬರವಣಿಗೇಲಿ ಉತ್ತರ ತಗೊಳ್ಳಿ.

ಅಲ್ಲಿಂದ ನಿಜವಾಗಿ ನಾವು ತಗೋಬೇಕಾದ್ದು ಒಂದಿದೆ. ಲೆಂಡ್ ಅಂತ ಒಂದು ಟ್ರೈನಿಂಗ್ ವ್ಯವಸ್ಥೆ, ಬೆಳವಣಿಗೆ ಸಮಸ್ಯೆ ಇರೋ ಮಕ್ಕಳಿಗೋಸ್ಕರಾನೇ ಇರೋದು. ಅದರಲ್ಲಿ ಸೈಕಾಲಜಿ, ಮಕ್ಕಳ ಡಾಕ್ಟ್ರು, ಸ್ಪೀಚ್, ಆಕ್ಯುಪೇಷನಲ್ ಥೆರಪಿ (ಓಟಿ), ಸೋಷಿಯಲ್ ವರ್ಕ್ ಎಲ್ಲ ಒಟ್ಟಿಗೆ ಕೂತು ಕಲೀತಾರೆ, ಅಂಥ ಮಕ್ಕಳ ತಂದೆತಾಯೀನೂ ಟ್ರೈನಿಗಳಾಗಿ ಇರ್ತಾರೆ. ನಮ್ಮಲ್ಲಿ ಏನಾಗತ್ತೆ, ಸ್ಪೀಚ್ ಥೆರಪಿಸ್ಟ್ ತುಮಕೂರಿನ ಬಟವಾಡೀಲಿ, ಓಟಿ ಇನ್ನೊಂದು ಕಡೆ, ಸೈಕಾಲಜಿಸ್ಟ್ ಬೆಂಗಳೂರಲ್ಲಿ, ಮೂರು ಜನ ಮೂರು ಥರ ಹೇಳ್ತಾರೆ, ಅದನ್ನ ಹೊಂದಿಸೋ ಕೆಲಸ ಆ ತಾಯಿ ತಲೆ ಮೇಲೆ. ಸ್ಪೀಚ್‌ನೋರ ಪಕ್ಕ ಕೂತು ಕೆಲಸ ಮಾಡೋಕೆ ಅವಕಾಶ ಇಲ್ಲದ ಟ್ರೈನಿಂಗ್ ದೇಶ ಯಾವುದಾದ್ರೂ ಆಗ್ಲಿ, ನಾನು ಬೇಡ ಅಂತೀನಿ.

ಇನ್ನು ಟ್ರೈನಿಂಗಲ್ಲಿ ಏನ್ ಕಲೀಬೇಕು. ಒಂದು ಉದಾಹರಣೆ ಹೇಳ್ತೀನಿ. ಮಗು ಮುಂದೆ ಸೋಪಿನ ಗುಳ್ಳೆ ಊದ್ತೀರಿ, ಮಗು ಖುಷಿಯಾಗತ್ತೆ, ನೀವು ನಿಲ್ಲಿಸ್ತೀರಿ. ಈಗ ಅದು ನಿಮ್ಮ ಮಣಿಕಟ್ಟು ಹಿಡಿದು ಡಬ್ಬಿ ಕಡೆ ಎಳೆಯತ್ತಾ, ಇಲ್ಲಾ ಡಬ್ಬಿ ನೋಡಿ, ನಿಮ್ಮ ಮುಖ ನೋಡಿ, ಮತ್ತೆ ಡಬ್ಬಿ ನೋಡತ್ತಾ? ನೋಡ್ಬೇಕಾದ್ದು ಆ ಎರಡು ಮೂರು ಸೆಕೆಂಡ್. ಹೊಸಬ್ರು ಆಗ್ಲೇ ಸ್ಕೋರ್ ಶೀಟ್ ಕಡೆ ಬಗ್ಗಿರ್ತಾರೆ, ಇಲ್ಲಾ ಕಾಯೋಕಾಗದೆ ಇನ್ನೊಂದ್ಸಲ ಊದಿಬಿಡ್ತಾರೆ, ಮಗು ಕೇಳೋದಕ್ಕೆ ಜಾಗಾನೇ ಸಿಗಲ್ಲ. ಹೆಸರು ಕರೆದ್ರೆ ತಿರುಗುತ್ತಾ ಅಂತ ನೋಡೋವಾಗ ಪಕ್ಕದಲ್ಲಿರೋ ಅಮ್ಮ "ನೋಡು ಪುಟ್ಟಾ, ಆಂಟಿ ಕರೀತವ್ರೆ" ಅಂತ ಗಲ್ಲ ತಿರುಗಿಸಿರ್ತಾರೆ, ಇವರು ಅದಕ್ಕೂ ತಿರುಗ್ತು ಅಂತ ಬರ್ಕೊಂಡಿರ್ತಾರೆ. ಇದನ್ನ ಪುಸ್ತಕ ಓದಿ ಸರಿ ಮಾಡ್ಕೊಳ್ಳೋಕಾಗಲ್ಲ. ಯಾರಾದ್ರೂ ನಿಮ್ಮ ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಇಲ್ಲಿ ಮಗು ನಿಮ್ಮನ್ನ ನೋಡ್ತು ನೀವು ನೋಡ್ಲಿಲ್ಲ ಅಂತ ತೋರಿಸ್ಬೇಕು. ಈಜು ಕಲಿಯೋಕೆ ನೀರಿಗೆ ಇಳೀಬೇಕು, ದಡದಲ್ಲಿ ಒಬ್ರು ನೋಡ್ತಾನೂ ಇರ್ಬೇಕು.

ಎಡೋಸಲ್ಲಿ ಗೊಂಬೆಗೆ ಬರ್ತ್‌ಡೇ ಪಾರ್ಟಿ ಮಾಡೋ ಆಟ ಒಂದಿದೆ, ಕೇಕು, ಮೇಣದಬತ್ತಿ. ಮಧುಗಿರಿ ಕಡೆ ಹಳ್ಳಿಯಿಂದ ಬಂದ ಎರಡೂವರೆ ವರ್ಷದ ಮಗು ಮೇಣದಬತ್ತಿ ಊದೋದನ್ನೇ ನೋಡಿರಲ್ಲ ಅಂದ್ರೆ ಅದು ಆಡಲಿಲ್ಲ ಅನ್ನೋದಕ್ಕೆ ಎಷ್ಟು ಬೆಲೆ ಕೊಡ್ತೀರಿ? ಅದನ್ನ ತೂಗಿ ನೋಡೋದು ಅಮೆರಿಕದಲ್ಲಿ ಯಾರೂ ಕಲಿಸಲ್ಲ, ಇಲ್ಲೇ ಇಂಥ ಮಕ್ಕಳನ್ನ ನೋಡಿ ನೋಡಿ ಕಲೀಬೇಕು. ನಮ್ಮ ದೇಶದ್ದೇ ಆಟಿಸಂ ಅಳೆಯೋ ಐಸಾ ಸ್ಕೇಲ್ ಇದೆ, 40 ಅಂಶ, 70ಕ್ಕಿಂತ ಕಮ್ಮಿ ಬಂದ್ರೆ ಆಟಿಸಂ ಇಲ್ಲ ಅಂತ ಲೆಕ್ಕ, ಅಂಗವೈಕಲ್ಯ ಸರ್ಟಿಫಿಕೇಟಿಗೂ ಅದೇ ಬೇಕು. ಆದ್ರೆ ಎಷ್ಟೋ ಕಡೆ ಹತ್ತು ನಿಮಿಷ ತಾಯೀನ ಪ್ರಶ್ನೆ ಕೇಳಿ, ಮಗು ಪಕ್ಕದಲ್ಲಿ ಕುರ್ಚಿ ತಿರುಗಿಸ್ತಾ ಕೂತಿರೋವಾಗ್ಲೇ ನಂಬರ್ ಬರೆದು ಕಳಿಸ್ತಾರೆ. ನನಗೆ ತುಂಬಾ ಕೋಪ ಬರೋ ವಿಷಯ ಇದು. ಆ ನಂಬರ್ ಮೇಲೆ ಆ ಮಗೂಗೆ ಸಿಗೋ ಸೌಲಭ್ಯ ನಿಂತಿರತ್ತೆ.

ಆಟಿಸಂ ಅಂತ ಹೇಳೋದನ್ನ ಕಲಿಯೋದಕ್ಕಿಂತ ಆಟಿಸಂ ಅಲ್ಲ ಅಂತ ಹೇಳೋದನ್ನ ಕಲಿಯೋದು ಕಷ್ಟ. ಕಿವಿ ಕೇಳಿಸದ ಮಗು, ಬುದ್ಧಿಮಾಂದ್ಯತೆ ಇರೋ ಮಗು, ಬರೀ ಮಾತು ತಡವಾದ ಮಗು, ಮನೇಲಿ ಹೊಡೆತ ತಿಂದು ಮಾತು ಬಿಟ್ಟ ಮಗು, ಫಿಟ್ಸ್ ಇರೋ ಮಗು, ಇವೆಲ್ಲ ಒಂದೇ ಬಾಗಿಲಲ್ಲಿ ಬರ್ತವೆ. ಕಿವಿ ಟೆಸ್ಟ್, ಅದೇ ಬೆರಾ, ಮಾಡಿಸದೆ ಆಟಿಸಂ ಅಂತ ಬರೆದು ತಿಂಗಳುಗಟ್ಟಲೆ ಥೆರಪಿ ಫೀಸ್ ತಗೊಳ್ಳೋರು ಇದಾರೆ, ಆ ಮಗು ಕೇಳಿಸ್ಕೊಂಡು ಮಾತು ಕಲಿಯೋ ವಯಸ್ಸು ಅಲ್ಲೇ ಕಳೆದುಹೋಗತ್ತೆ. ಇನ್ನು ಪಾವಗಡ ಕಡೆ ಮನೇಲಿ ತೆಲುಗು, ಅಂಗನವಾಡೀಲಿ ಕನ್ನಡ. ತುಮಕೂರು ಟೌನಲ್ಲಿ ಎಷ್ಟೋ ಮನೇಲಿ ಉರ್ದು. ಎರಡು ಭಾಷೆ ಕೇಳಿ ಮಗು ಕನ್‌ಫ್ಯೂಸ್ ಆಗಿದೆ, ಮನೆ ಭಾಷೆ ಬಿಟ್ಟು ಇಂಗ್ಲಿಷಲ್ಲೇ ಮಾತಾಡ್ಸಿ ಅಂತ ಸಲಹೆ ಕೊಡೋರು ದಯವಿಟ್ಟು ನಿಲ್ಲಿಸಿ. ಎರಡು ಭಾಷೆಯಿಂದ ಆಟಿಸಂ ಬರಲ್ಲ, ಹೆಚ್ಚೂ ಆಗಲ್ಲ. ಅಜ್ಜಿಗೆ ಬರೋ ಭಾಷೆ ಕಿತ್ಕೊಂಡ್ರೆ ಮಗೂಗೆ ಮಾತಾಡ್ಸೋಕೆ ಇದ್ದ ಒಬ್ರೂ ಹೋಗ್ತಾರೆ, ಅಷ್ಟೇ.

ಇನ್ನೊಂದು ವಿಷಯ, ಇದು ಯಾವ ಬ್ರೋಷರಲ್ಲೂ ಇರಲ್ಲ. ಒಂದು ಜಿಲ್ಲೆಗೆ ನೀವು ಒಬ್ರು ಬಂದ್ರೆ ಎಲ್ಲಾ ಮಕ್ಕಳಿಗೂ ನೀವೇ ಥೆರಪಿ ಕೊಡೋಕಾಗಲ್ಲ. 2016ರಲ್ಲಿ ಗೋವಾ ಮತ್ತೆ ಪಾಕಿಸ್ತಾನದ ರಾವಲ್ಪಿಂಡೀಲಿ ಮಾಡಿದ ಪಾಸ್ ಅನ್ನೋ ಅಧ್ಯಯನ ಪ್ರಕಟವಾಯ್ತು. ಅಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅವರು ತಂದೆತಾಯಿ ಮಗು ಜೊತೆ ಆಡೋ ವಿಡಿಯೋ ತೋರಿಸಿ ಆ ತಂದೆತಾಯಿಗೇ ಕಲಿಸಿದ್ರು. ತಂದೆತಾಯಿ ಮಗೂಗೆ ಸ್ಪಂದಿಸೋ ರೀತಿ ಸುಧಾರಿಸ್ತು, ಮಗು ತಾನಾಗಿ ಮಾತುಕತೆ ಶುರುಮಾಡೋದೂ ಜಾಸ್ತಿಯಾಯ್ತು. ಅಂದ್ರೆ ನಿಮ್ಮ ಟ್ರೈನಿಂಗಲ್ಲಿ ಬೇರೆಯವರ ಕೆಲಸ ಸೂಪರ್‌ವೈಸ್ ಮಾಡೋದು ಹೇಗೆ ಅನ್ನೋದೂ ಇರ್ಬೇಕು. ತುಮಕೂರಿಗೆ ಬೇಕಾಗಿರೋದು ಅಂಥೋರು.

ಹಾಗಾಗಿ ನನ್ನ ಸಲಹೆ: ಮೊದ್ಲು ಒಂದು ವರ್ಷನಾದ್ರೂ ಇಲ್ಲೇ, ದೊಡ್ಡ ಆಸ್ಪತ್ರೆಯ ಮಕ್ಕಳ ಮಾನಸಿಕ ವಿಭಾಗದಲ್ಲಿ ಪೂರ್ತಿ ಸಮಯದ ಕೆಲಸ ಹುಡುಕಿ. ನಿಮ್ಹಾನ್ಸ್ ನಿಮಗೆ ಒಂದು ರೈಲಿನ ದೂರ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್ ಇದೆ. ಹುದ್ದೆ, ಫೆಲೋಶಿಪ್ ಯಾವಾಗ ಕರೀತಾರೆ ಅಂತ ವಿಭಾಗಕ್ಕೇ ಬರೆದು ಕೇಳಿ. ಸಂಬಳ ಕಮ್ಮಿ ಇರತ್ತೆ, ಮನೇಲಿ ಇಷ್ಟು ಓದಿ ಇನ್ನೂ ಟ್ರೈನಿಂಗಾ ಅಂತಾರೆ, ತಡ್ಕೊಳ್ಳಿ. ದುಡ್ಡು ಕಟ್ಟೋಕೆ ಮುಂಚೆ ಯಾವ ಕೋರ್ಸ್‌ನೋರಿಗಾದ್ರೂ ಕೇಳಿ, ನಾನು ಕೈಯಾರೆ ಎಷ್ಟು ಮಕ್ಕಳನ್ನ ಅಸೆಸ್ ಮಾಡ್ತೀನಿ, ನನ್ನ ವಿಡಿಯೋ ಯಾರು ನೋಡ್ತಾರೆ, ತಂದೆತಾಯಿಗೆ ವಿಷಯ ಹೇಳೋವಾಗ ಪಕ್ಕದಲ್ಲಿ ಯಾರಿರ್ತಾರೆ. ಉತ್ತರ ತಡವರಿಸಿದ್ರೆ ಎದ್ದು ಬನ್ನಿ. ಅಮೆರಿಕ ಆಮೇಲೂ ಇರತ್ತೆ, ಆಗ ಹೋದ್ರೆ ಏನ್ ಕಲೀಬೇಕು ಅಂತ ಗೊತ್ತಿರತ್ತೆ. ಮತ್ತೆ, ಅಷ್ಟರೊಳಗೆ ದಯವಿಟ್ಟು ಬಿ.ಎಚ್. ರೋಡಲ್ಲಿ ಕ್ಲಿನಿಕ್ ಬೋರ್ಡ್ ಹಾಕ್ಬೇಡಿ.

ಪ್ರಶ್ನೆ: ಎಂಫಿಲ್ ನಿಂತೋಯ್ತಂತೆ, ಈಗ ಎಂಎಸ್ಸಿ ಮಾಡ್ತಿರೋರು ಏನ್ ಮಾಡೋದು? (ತಿಪಟೂರು)

ಉತ್ತರ: ಯುಜಿಸಿ 2022ರ ನಿಯಮದಲ್ಲಿ ಎಂಫಿಲ್ ತೆಗೀತು, ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ರ ಬ್ಯಾಚ್ ತನಕ ಬಿಟ್ಟಿತ್ತು. ಮುಂದೆ ಸೇರೋದು ಆರ್‌ಸಿಐ ಪಟ್ಟೀಲಿ ಕೋರ್ಸೂ ಕಾಲೇಜೂ ಎರಡೂ ಇದ್ರೆ ಮಾತ್ರ, ಕಾಲೇಜಿನೋರು ಬಾಯಲ್ಲಿ ಹೇಳಿದ್ದನ್ನ ನಂಬ್ಬೇಡಿ.

ಪ್ರಶ್ನೆ: ಆನ್‌ಲೈನಲ್ಲಿ ಬಿಸಿಬಿಎ (ಬಿಹೇವಿಯರ್ ಥೆರಪಿ ಸರ್ಟಿಫಿಕೇಟ್) ಮಾಡಿಸ್ತೀವಿ ಅಂತಾರೆ, ಸೇರಬಹುದಾ? (ಕುಣಿಗಲ್)

ಉತ್ತರ: ಆ ಸರ್ಟಿಫಿಕೇಟ್ ಕೊಡೋ ಅಮೆರಿಕದ ಸಂಸ್ಥೆ 2023ರಿಂದ ಭಾರತದಲ್ಲಿ ವಾಸ ಇರೋರ ಹೊಸ ಅರ್ಜಿ ತಗೊಳ್ಳೋದೇ ನಿಲ್ಲಿಸಿದೆ, ಇದನ್ನ ಮುಚ್ಚಿಟ್ಟು ಫೀಸ್ ಕೇಳೋರಿಗೆ ಒಂದು ರೂಪಾಯೀನೂ ಕೊಡ್ಬೇಡಿ.

ಪ್ರಶ್ನೆ: ಸ್ಟೆಮ್ ಸೆಲ್ ಮಾಡಿಸಿದ್ರೆ ವಾಸಿಯಾಗತ್ತಂತೆ, ಜಮೀನು ಮಾರಿ ಮಾಡಿಸೋಣ ಅಂತಿದೀವಿ. (ಶಿರಾ)

ಉತ್ತರ: ಮಾರಬೇಡಿ. ಆಟಿಸಂಗೆ ಇದನ್ನ ಕೊಡಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ರಕ್ತದಿಂದ ಲೋಹ ತೆಗೀತೀವಿ ಅನ್ನೋ ಕಿಲೇಷನ್ ಹತ್ರಾನೂ ಹೋಗ್ಬೇಡಿ, 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಮಗು ಅದರಿಂದ ಸತ್ತಿದೆ.

ಪ್ರಶ್ನೆ: ಇಂಜೆಕ್ಷನ್‌ನಿಂದ ಬಂತಾ?

ಉತ್ತರ: ಇಲ್ಲ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಆ ಪೇಪರ್ ಹನ್ನೆರಡು ಮಕ್ಕಳ ಮೇಲೆ ಬರೆದದ್ದು, 2010ರಲ್ಲಿ ಪತ್ರಿಕೇನೇ ಅದನ್ನ ವಾಪಸ್ ತಗೊಂಡಿದೆ. ಇನ್ಮೇಲೆ ಈ ಪ್ರಶ್ನೆಗೆ ಉತ್ತರ ಬರೆಯಲ್ಲ.

ಪ್ರಶ್ನೆ: ಮೊಬೈಲ್ ನೋಡಿ ವರ್ಚುವಲ್ ಆಟಿಸಂ ಬಂದಿದೆ ಅಂತ ಒಬ್ರು ಹೇಳಿದ್ರು.

ಉತ್ತರ: ಆ ಹೆಸರಿನ ಕಾಯಿಲೆ ಡಾಕ್ಟ್ರುಗಳು ಬಳಸೋ ಕಾಯಿಲೆ ಪಟ್ಟಿಗಳಾದ ಡಿಎಸ್‌ಎಂ-5ರಲ್ಲೂ ಇಲ್ಲ, ಐಸಿಡಿ-11ರಲ್ಲೂ ಇಲ್ಲ. ಮೊಬೈಲ್ ಕಮ್ಮಿ ಮಾಡಿ, ಸರಿಯಾದ ಅಸೆಸ್‌ಮೆಂಟೂ ಮಾಡಿಸಿ, ಒಂದಕ್ಕೋಸ್ಕರ ಇನ್ನೊಂದನ್ನ ನಿಲ್ಲಿಸ್ಬೇಡಿ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ, ಹೆಸರು ಕರೆದ್ರೆ ತಿರುಗಲ್ಲ, ಕೈ ತೋರಿಸಿ ಏನೂ ಕೇಳಲ್ಲ. ಅತ್ತೆ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ತಾರೆ, ಗಂಡುಮಕ್ಕಳು ನಿಧಾನ, ಅವರಪ್ಪಾನೂ ಹಂಗೇ ಇದ್ದ ಅಂತಾರೆ. ಕಾಯೋಣ್ವಾ? (ಕೊರಟಗೆರೆ)

ಉತ್ತರ: ಕಾಯ್ಬೇಡಿ ತಾಯಿ. ಬಜೆಯಿಂದ ಮಾತು ಬರಲ್ಲ, ನಾಲಿಗೆ ಕೆಳಗಿನ ದಾರ ಕತ್ತರಿಸಿದ್ರೆ ಬರತ್ತೆ ಅಂತ ಯಾರಾದ್ರೂ ಅಂದ್ರೆ ಅದಕ್ಕೂ ಒಪ್ಕೋಬೇಡಿ. ಅತ್ತೇನ ಬೈಯೋದೂ ಬೇಡ, ಆಸ್ಪತ್ರೆಗೆ ಅವರನ್ನೂ ಕರ್ಕೊಂಡು ಹೋಗಿ, ಡಾಕ್ಟ್ರು ಬಾಯಲ್ಲಿ ಕೇಳ್ಲಿ. ಈ ವಾರವೇ ತುಮಕೂರು ಜಿಲ್ಲಾಸ್ಪತ್ರೆಗೆ ಹೋಗಿ ಡಿಇಐಸಿ, ಅಂದ್ರೆ ಮಕ್ಕಳ ಶೀಘ್ರ ಪತ್ತೆ ಕೇಂದ್ರ ಎಲ್ಲಿದೆ ಅಂತ ಕೇಳಿ, ಆರ್‌ಬಿಎಸ್‌ಕೆ ಯೋಜನೇಲಿ 18 ವರ್ಷದೊಳಗಿನ ಮಕ್ಕಳಿಗೆ ಅದು ಉಚಿತ. ನಿಮ್ಮ ಆಶಾ ಕಾರ್ಯಕರ್ತೆ ಇಲ್ಲಾ ಅಂಗನವಾಡಿ ಟೀಚರ್ ಹತ್ರ ರೆಫರಲ್ ಚೀಟಿ ಕೇಳಿ, ತಾಯಿ ಕಾರ್ಡ್ ತಗೊಂಡ್ಹೋಗಿ. ಮೊದ್ಲು ಕಿವಿ ಟೆಸ್ಟ್ ಬರೆದುಕೊಡಿ ಅಂತ ನೀವೇ ಬಾಯ್ಬಿಟ್ಟು ಹೇಳಿ. ಮನೇಲಿ ಮಗು ಆಡೋದು, ಊಟ ಮಾಡೋದು, ನೀವು ಹೆಸರು ಕರೆಯೋದು, ಒಂದೆರಡು ನಿಮಿಷ ಫೋನಲ್ಲಿ ವಿಡಿಯೋ ಮಾಡ್ಕೊಂಡು ಹೋಗಿ, ಆಸ್ಪತ್ರೇಲಿ ಅಳ್ತಾ ಕೂತಿರೋ ಮಗೂನ ನೋಡಿ ಯಾರಿಗೂ ಏನೂ ಗೊತ್ತಾಗಲ್ಲ, ಆ ವಿಡಿಯೋ ನೋಡಿದ್ರೆ ಗೊತ್ತಾಗತ್ತೆ.