ಸರ್ಕಾರಿ ಖರೀದಿ ವಿಭಾಗದಲ್ಲಿದ್ದೇನೆ. ಸಭೆಗಳಲ್ಲಿ ಮಾತೇ ಹೊರಡುವುದಿಲ್ಲ. ಭಾಷಣದ ಕೋರ್ಸ್ ಸೇರಲೇ?

ಬೇಡ. ನನಗೂ ಪ್ರೀ-ಬಿಡ್ ಸಭೆ (ಟೆಂಡರಿಗೆ ಬಿಡ್, ಅಂದರೆ ಪ್ರಸ್ತಾವ, ಹಾಕುವ ಮುಂಚೆ ಪೂರೈಕೆದಾರರು ಪ್ರಶ್ನೆ ಕೇಳುವ ಸಭೆ) ಎಂದರೆ ಗಂಟಲು ಒಣಗುತ್ತಿತ್ತು. ಕೋರ್ಸ್ ಸೇರಿದೆ, ಮಾತು ಪಟಪಟ ಬರತೊಡಗಿತು. ನನಗೆ ಪೆಟ್ಟು ಬಿದ್ದಿದ್ದು ಆಮೇಲೆ.

ಪಂಪುಗಳ ಟೆಂಡರ್. ಸಭೆ ಮುಗಿದು ಎಲ್ಲರೂ ಏಳುತ್ತಿದ್ದಾಗ ಪೂರೈಕೆದಾರರೊಬ್ಬರು ಹತ್ತಿರ ಬಂದರು. "ಸರ್, ಈ ಮೋಟರ್ ಸಿಗೋದು ಕಷ್ಟ. ಅಷ್ಟೇ ಸಾಮರ್ಥ್ಯದ ಬೇರೆಯದು ಕೊಟ್ಟರೆ ನಡೆಯುತ್ತಾ?" ಎಂದರು. "ನಡೆಯುತ್ತೆ ಬಿಡಿ" ಎಂದುಬಿಟ್ಟೆ.

ಅವರಿಗೆ ಅನುಕೂಲ ಮಾಡಿಕೊಡುವ ಉದ್ದೇಶ ಖಂಡಿತ ಇರಲಿಲ್ಲ. ಉತ್ತರ ಕೊಡದೆ ಸುಮ್ನಿರುವುದು ಒರಟುತನ ಅನ್ನಿಸಿತು, ಅಷ್ಟೇ. ಬೇರೆ ಮೋಟರ್ ನಿಜವಾಗಿಯೂ ನಡೆಯುತ್ತಿತ್ತು ಕೂಡ. ಆದರೆ ಆ ಉತ್ತರ ಒಬ್ಬರ ಕಿವಿಗೆ ಮಾತ್ರ ಬಿತ್ತು, ಟೆಂಡರ್ ದಾಖಲೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ನನ್ನ ಮಾತು ನಂಬಿ ಅವರು ಬಿಡ್ ಹಾಕಿದರು. ತಾಂತ್ರಿಕ ಪರಿಶೀಲನೆಯಲ್ಲಿ ಅದು ಬಿದ್ದುಹೋಯಿತು. "ಅಧಿಕಾರಿಯೇ ಒಪ್ಪಿದ್ದರು" ಎಂದು ಅವರು ದೂರು ಕೊಟ್ಟರು. "ನಮಗೇಕೆ ಹೇಳಲಿಲ್ಲ?" ಎಂದು ಉಳಿದವರು ಕೇಳಿದರು. ಇಬ್ಬರ ಮಾತೂ ನ್ಯಾಯವೇ ಅಲ್ವಾ? ಟೆಂಡರ್ ರದ್ದಾಯಿತು. ಪಂಪಿಗಾಗಿ ಕಾಯುತ್ತಿದ್ದವರು ಮತ್ತೆ ಕಾದರು. ನನ್ನನ್ನು ಸಮಿತಿಯಿಂದ ತೆಗೆದರು.

ಸರ್ಕಾರಿ ಖರೀದಿಗೆಂದು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ (ಯುಎನ್‌ಸಿಟ್ರಾಲ್) 2011ರಲ್ಲಿ ಒಂದು ಮಾದರಿ ಕಾನೂನು ತಂದಿತು. ಇಂಥ ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಉತ್ತರಗಳನ್ನೂ ನಡಾವಳಿಯಲ್ಲಿ ಬರೆದು, ಕೇಳಿದವರು ಯಾರೆಂದು ತಿಳಿಸದೆ, ಟೆಂಡರ್ ದಾಖಲೆ ಪಡೆದ ಎಲ್ಲರಿಗೂ ಕೊಡಬೇಕು ಎನ್ನುತ್ತದೆ ಅದು. ನಾನು ಇದನ್ನು ಓದಿದ್ದೆ. ಕುರ್ಚಿಯಿಂದ ಎದ್ದ ಮೇಲೂ ಸಭೆ ನಡೆಯುತ್ತಲೇ ಇರುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಹಾಗಾಗಿ ನಿಮ್ಮ ತಡವರಿಕೆ ದೊಡ್ಡ ಕೊರತೆ ಅಂತ ನನಗೆ ಅನ್ನಿಸುವುದಿಲ್ಲ. "ಈ ಪ್ರಶ್ನೆ ಬರೆದು ಕಳಿಸಿ, ಉತ್ತರ ಎಲ್ಲರಿಗೂ ಒಟ್ಟಿಗೆ ಬರುತ್ತದೆ." ಇದನ್ನು ಮನೆಯಲ್ಲಿ ಜೋರಾಗಿ ಹೇಳಿ ರೂಢಿ ಮಾಡಿಕೊಳ್ಳಿ. ದನಿಯಲ್ಲಿ ಸಿಡುಕೂ ಬೇಡ, ಸಂಕೋಚವೂ ಬೇಡ. ಎದುರಿನವರು ಎರಡನೇ ಸಲ ಒತ್ತಾಯಿಸುತ್ತಾರೆ. ಆಗಲೂ ಇದೇ ಮಾತು ಬರಬೇಕು.

ಜಾಸ್ತಿ ಮಾತಾಡಬೇಕಾದ ಜಾಗ ಬೇರೆ ಇದೆ. ಟೆಂಡರ್ ಕರೆಯುವ ಮುಂಚೆ, ಬೇಡಿಕೆ ಕಳಿಸಿದ ವಿಭಾಗದವರ ಎದುರು ಕೂತು "ಇದೇ ಮೋಟರ್ ಯಾಕೆ ಬೇಕು?" ಎಂದು ಕೇಳಿ. ಅವರಿಗೆ ಬೇಸರವಾದರೂ ಬಿಡಬೇಡಿ. ನಾನು ಅಂದು ಕೇಳಿದ್ದರೆ "ಅಥವಾ ತತ್ಸಮಾನ" ಎಂಬ ಮಾತು ದಾಖಲೆಯಲ್ಲೇ ಇರುತ್ತಿತ್ತು.